ಜ್ಞಾನತಂದೆಯ ಕೈಗಡಿಯಾರ

ನಿಮ್ಮಲ್ಲಿ ಎಷ್ಟು ಮಂದಿ ಜ್ಞಾನತಂದೆಯರಾಗಿದ್ದೀರಿ? ದೃಢೀಕರಣ ಸಂಸ್ಕಾರದ ದಿನ ಹೊಸ ಅಂಗಿ ತೊಟ್ಟ ಹುಡುಗನ ಹಿಂದೆ ನಿಂತು, ಅವನ ಭುಜದ ಮೇಲೆ ಬಲಗೈಯಿಟ್ಟು, ಧರ್ಮಾಧ್ಯಕ್ಷರು ಅವನ ಹಣೆಗೆ ಪವಿತ್ರ ತೈಲ ಲೇಪಿಸುವುದನ್ನು ಕಂಡು ಧನ್ಯರಾದವರೆಷ್ಟು ಮಂದಿ? ಆ ಕೈ ಭುಜದ ಮೇಲಿರುವುದು ಅರ್ಧ ನಿಮಿಷ. ಧರ್ಮಸಭೆ ನಮ್ಮಿಂದ ಅಪೇಕ್ಷಿಸುವುದು ಅನಂತರದ ವರ್ಷಗಳನ್ನು. 1983ರ ಧರ್ಮಸಭೆಯ ಕಾನೂನು ಸಂಹಿತೆಯಂತೆ ಹೆತ್ತ ತಂದೆಯೇ ಈ ಸ್ಥಾನದಲ್ಲಿ ನಿಲ್ಲುವಂತಿಲ್ಲ, ಬೇರೊಬ್ಬರು ಬೇಕು. ಬೆಳೆಯುವ ಹುಡುಗನಿಗೆ ಮನೆಯ ಹೊರಗೂ ಒಬ್ಬ ಹಿರಿಯನಿರಲಿ ಎಂಬ ವಿವೇಕ ಅದರಲ್ಲಿದೆಯೆಂದು ನಾನು ಭಾವಿಸುತ್ತೇನೆ.

ಈ ವಿವೇಕ ನನಗೆ ತಡವಾಗಿ ಬಂತು. ಹುಣಸೂರಿನ ಕಡೆಯ ನಮ್ಮ ಊರಿನಲ್ಲಿ ಬಹಳ ವರ್ಷಗಳ ಹಿಂದೆ ಬಂಧುವೊಬ್ಬರ ಮಗನಿಗೆ ಜ್ಞಾನತಂದೆಯಾದೆ. ಕೈಗಡಿಯಾರ ಕೊಟ್ಟೆ, ಬಿರಿಯಾನಿ ಉಂಡೆ, ಮನೆಗೆ ಬಂದೆ. ಹುಡುಗ ಹತ್ತನೆಯ ತರಗತಿಯಲ್ಲಿ ನಪಾಸಾದದ್ದು, ತಂದೆಯೊಡನೆ ಜಗಳವಾಡಿ ಊರು ಬಿಟ್ಟದ್ದು ಇತರರಿಂದ ನನ್ನ ಕಿವಿಗೆ ಬಿತ್ತು. ಮುಂದೊಮ್ಮೆ ಜೂನ್ 13ರ ಹಬ್ಬಕ್ಕೆ ಕೆ.ಆರ್. ನಗರ ತಾಲ್ಲೂಕಿನ ಡೋರ್ನಹಳ್ಳಿಗೆ ಹೋಗಿದ್ದೆ. 2019ರಲ್ಲಿ ಬಸಿಲಿಕಾ ಎಂಬ ಗೌರವ ಪಡೆದ ಸಂತ ಅಂತೋಣಿಯವರ ಆ ಪುಣ್ಯಕ್ಷೇತ್ರದ ಜನಸಂದಣಿಯಲ್ಲಿ ನನ್ನನ್ನು ಗುರುತಿಸಿದವನು ಅವನೇ.

“ನೀವು ಕೊಟ್ಟ ವಾಚ ಇನ್ನೂ ಮಡಗಿವ್ನಿ ಮಾವ. ಓಡಕಿಲ್ಲ, ಅಷ್ಟೆ.”

ಅವನ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಯಿತು. ಕಳೆದುಹೋದುದನ್ನು ಹುಡುಕಿಕೊಡಿರೆಂದು ಜನರು ಸಂತರನ್ನು ಬೇಡುವ ಆ ಜಾಗದಲ್ಲಿ ನಾನು ಏನೆಂದು ಬೇಡಲಿ? ಈಗ ಅವನಿಗೆ ತಿಂಗಳಿಗೊಮ್ಮೆ ಫೋನು ಮಾಡುತ್ತೇನೆ. ತಡವಾಯಿತೆಂದು ಇಬ್ಬರಿಗೂ ಗೊತ್ತು.

ಆದ್ದರಿಂದ ಪಿರಿಯಾಪಟ್ಟಣದ ಕಡೆಯ ಇನ್ನೊಬ್ಬ ಹುಡುಗನಿಗೆ ಜ್ಞಾನತಂದೆಯಾಗಬೇಕೆಂದು ಕೇಳಿದಾಗ ಅಂಜಿದೆ. ಆಗ ನೆನಪಾದವರು ಸಂತ ಜಾನ್ ಬೋಸ್ಕೊ. ಎರಡು ವರ್ಷ ತುಂಬುವ ಮುನ್ನವೇ ತಂದೆಯನ್ನು ಕಳೆದುಕೊಂಡ ಅವರಿಗೆ 1829ರಲ್ಲಿ ಕಲೊಸ್ಸೊ ಎಂಬ ವೃದ್ಧ ಗುರುಗಳ ಆಸರೆ ದೊರೆಯಿತು. ಮರುವರ್ಷ ಅವರೂ ತೀರಿಕೊಂಡರು. ಒಂದೇ ವರ್ಷದ ಒಡನಾಟ! ಮುಂದೆ ತಾವೇ ಗುರುಗಳಾಗಿ, 1841ರ ಡಿಸೆಂಬರ್ 8ರಂದು ಟ್ಯೂರಿನ್ನಿನ ದೇವಾಲಯದಿಂದ ಏಟು ತಿಂದು ಓಡುತ್ತಿದ್ದ ಬಾರ್ತೊಲೊಮಿಯೊ ಗರೆಲ್ಲಿ ಎಂಬ ಅನಾಥ ಹುಡುಗನನ್ನು ಮರಳಿ ಕರೆಸಿದರು. ಓದಲು ಬರುತ್ತದೆಯೇ, ಹಾಡಲು ಬರುತ್ತದೆಯೇ ಎಂದುದಕ್ಕೆಲ್ಲ ಇಲ್ಲವೆಂದವನು, ಸಿಳ್ಳೆ ಹಾಕಲು ಬರುತ್ತದೆಯೇ ಎಂದಾಗ ನಕ್ಕನಂತೆ. ಧರ್ಮೋಪದೇಶದ ಪ್ರಶ್ನೋತ್ತರಗಳನ್ನು ಬದಿಗಿಟ್ಟು, ಹುಡುಗನಿಗೆ ಏನು ಬರುತ್ತದೆಯೋ ಅಲ್ಲಿಗೇ ಹೋಗೋಣವೆಂದು ನಿರ್ಧರಿಸಿದೆ.

ಅವನಿಗೆ ಬರುತ್ತಿದ್ದುದು ಬ್ಯಾರನ್ ಕಾಯುವುದು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಸೀಮೆಯವರಿಗೆ ನಾನು ವಿವರಿಸಬೇಕಾಗಿಲ್ಲ: ಹೊಗೆಸೊಪ್ಪು ತುಂಬಿದ ಬ್ಯಾರನ್‌ಗೆ ಬೆಂಕಿ ಹಾಕಿದರೆ ಐದಾರು ದಿನ ಹಗಲಿರುಳು ಕಾವಲಿರಬೇಕು. ಶಾಖವನ್ನು ಮೆಲ್ಲನೆ ಏರಿಸಬೇಕು, ಇಳಿಯಗೊಡಬಾರದು. ಆಳು ಸಿಗದ ಮನೆಗಳಲ್ಲಿ ಈ ಕಾವಲು ಹುಡುಗರ ಪಾಲು. ಬೆಳಿಗ್ಗೆ ಶಾಲೆಯಲ್ಲಿ ತೂಕಡಿಕೆ. (ಈ ಬೆಳೆಯ ಬಗ್ಗೆಯೇ ನನಗೆ ತಕರಾರುಂಟು, ಅದು ಬೇರೆ ಮಾತು.) ವಾರಕ್ಕೊಂದು ರಾತ್ರಿ ಬಸ್ಸು ಹಿಡಿದು ಹೋಗಿ ಅವನೊಡನೆ ಕುಳಿತೆ. ಶಾಖಮಾಪಕ ನೋಡುವುದನ್ನು ಅವನೇ ನನಗೆ ಕಲಿಸಿದ. ಮೂರನೆಯ ರಾತ್ರಿ ಇದ್ದಕ್ಕಿದ್ದಂತೆ, “ಪಾಪನಿವೇದನೇಲಿ ಹೇಳಿದ್ನೇ ಮತ್ತೆ ಮಾಡುದ್ರೆ ಏನ್ ಮಾವ?” ಎಂದು ಕೇಳಿದ. ನಾನೂ ಹಾಗೆಯೇ ಮಾಡುತ್ತೇನೆ, ಮತ್ತೆ ಹೋಗಿ ಮಂಡಿಯೂರುತ್ತೇನೆ ಎಂದೆ.

ನಾಲ್ಕನೆಯ ರಾತ್ರಿ ಅವನನ್ನು ಮಲಗಲು ಕಳುಹಿಸಿ ಕಾವಲನ್ನು ನಾನು ವಹಿಸಿಕೊಂಡೆ. ನಿದ್ದೆ ಹೋದೆ. ಕಣ್ಣು ಬಿಟ್ಟಾಗ ಹುಡುಗ ಒಲೆಗೆ ಸೌದೆ ತಳ್ಳುತ್ತಿದ್ದ. ಶಾಖ ಬಹಳ ಇಳಿದಿತ್ತು. ಬೆಳಿಗ್ಗೆ ಅವನ ತಂದೆ ಬಂದು ಎಲೆ ನೋಡಿದರು. ಬಣ್ಣಗೆಟ್ಟ ಎಲೆಗೆ ಹರಾಜಿನಲ್ಲಿ ಏನು ಬೆಲೆಯೆಂದು ಸಾಲ ಮಾಡಿದ ರೈತನಿಗೆ ಗೊತ್ತು.

“ಯಾರ್ಲಾ ಮನಿಕಂಡೋನು?”

“ನಾನೇ ಕಣಪ್ಪ.”

ತಂದೆಯ ಕೈ ಮೇಲೆದ್ದಿತು. ಪ್ರಿಯ ಓದುಗರೇ, ಆ ಕ್ಷಣವೇ ಬಾಯಿ ತೆರೆದೆನೆಂದು ಬರೆಯಲು ಮನಸ್ಸಾಗುತ್ತದೆ. ಇಲ್ಲ. ಹಿರಿಯನೆಂಬ ಹಮ್ಮು, ನಷ್ಟ ತುಂಬಬೇಕಾದೀತೆಂಬ ಲೆಕ್ಕ, ಎರಡೂ ನಾಲಗೆಯನ್ನು ಹಿಡಿದವು. ಏಟು ಬಿದ್ದ ಮೇಲೆ ಮಾತನಾಡಿದೆ. ಪೇತ್ರನಿಗೆ ಕೋಳಿ ಕೂಗಿತ್ತು. ನನಗೆ ಆ ಏಟಿನ ಸದ್ದು.

ತಂದೆ ಸೌದೆಯ ರಾಶಿಯ ಮೇಲೆ ಕುಸಿದು ಕುಳಿತರು. ಅವರೆದುರಿಗೇ ಹುಡುಗನ ಕ್ಷಮೆ ಕೇಳಿದೆ. ನೆಲ ನೋಡುತ್ತ, “ಇರ್ಲಿ ಬುಡಿ ಮಾವ,” ಎಂದ. ನಾನು ಕೊಡಹೋದ ಹಣವನ್ನು ತಂದೆ ಮುಟ್ಟಲಿಲ್ಲ. ಶಾಲೆಯಿರುವ ದಿನಗಳ ಹಿಂದಿನ ರಾತ್ರಿ ತಾವೇ ಕಾಯುವುದಾಗಿ ಹೇಳಿದರು. ಕೆಲವು ವಾರ ಹಾಗೆ ನಡೆದುಕೊಂಡರು, ಕೆಲವು ವಾರ ಇಲ್ಲ.

ಮುಂದಿನ ವಾರ ಅಲ್ಲಿಗೆ ಹೋಗಲು ನಾಚಿಕೆಯಾಯಿತು. ಹೋದೆ. ಹುಡುಗ ಬ್ಯಾರನ್ ಮುಂದೆ ಫ್ಲಾಸ್ಕಿನಲ್ಲಿ ಚಹಾ ಇಟ್ಟುಕೊಂಡು ಕುಳಿತಿದ್ದ.

“ಇವತ್ತು ಇಬ್ರೂ ಎದ್ದಿರಾನ ಮಾವ,” ಎನ್ನುತ್ತ ಲೋಟಕ್ಕೆ ಬಗ್ಗಿಸಿದ.