ಎರೆ ನೆಲದಲ್ಲಿ ಬುನಾದಿ

ನವಲಗುಂದ, ನರಗುಂದ, ಅಣ್ಣಿಗೇರಿ ಕಡೆ ಯಾರಾದರೂ ಮನೆಗೆಂದು ಜಾಗ ಕೊಂಡರೆ ಹಿರಿಯರು ಮೊದಲು ದರ ಕೇಳುತ್ತಿರಲಿಲ್ಲ. “ಎರಿನೋ, ಮಸಾರಿನೋ?” ಎನ್ನುತ್ತಿದ್ದರು, ಕಪ್ಪು ಮಣ್ಣೋ ಕೆಂಪು ಮಣ್ಣೋ ಎಂದು. ಮಸಾರಿ ಎಂದರೆ ಮಾತು ಅಲ್ಲಿಗೆ ಮುಗಿಯಿತು. ಎರಿ ಎಂದರೆ ತುಸು ಸುಮ್ಮನಿದ್ದು, “ಹಂಗಾರ ಪಾಯಾಕ್ಕ ಹೆಚ್ಚಿಗಿ ರೊಕ್ಕ ತಗದಿಡ್ರಿ” ಎಂಬ ಸಲಹೆ ಬರುತ್ತಿತ್ತು. ಬಿಳಿಜೋಳ, ಕಡಲೆ, ಹತ್ತಿ, ಕುಸುಬಿಗೆ ಎರೆಯಷ್ಟು ಒಳ್ಳೆಯ ನೆಲ ಇನ್ನೊಂದಿಲ್ಲ. ಗೋಡೆ ನಿಲ್ಲಿಸುವವನಿಗೆ ಅದರಷ್ಟು ತಂಟೆಯದೂ ಇಲ್ಲ.

ನಾನು ಸಿವಿಲ್ ಡಿಪ್ಲೊಮಾ ಮುಗಿಸಿ ಹುಬ್ಬಳ್ಳಿಯ ಗುತ್ತಿಗೆದಾರರೊಬ್ಬರ ಹತ್ತಿರ ಸೂಪರ್‌ವೈಸರ್ ಆಗಿ ಸೇರಿದ್ದು 1970ರ ದಶಕದ ಕೊನೆಯಲ್ಲಿ. ಕಾಲೇಜಿನಲ್ಲಿ ಈ ಮಣ್ಣಿನ ಬಗ್ಗೆ ಒಂದು ಪಾಠವಿತ್ತು. ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ, ಅದರ ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ನೀರು ಬಿಟ್ಟರೆ ಕುಗ್ಗುತ್ತದೆ, ಇಷ್ಟು ಬಾಯಿಪಾಠವಾಗಿತ್ತು. ಕಣ್ಣಿಗೆ ಕಂಡದ್ದು ಕೆಲಸಕ್ಕೆ ಸೇರಿದ ಮೇಲೆ. ಏಪ್ರಿಲ್ ಹೊತ್ತಿಗೆ ಹೊಲದ ಬಿರುಕಿನಲ್ಲಿ ಕೈ ಬಿಟ್ಟರೆ ತೋಳು ಪೂರ್ತಿ ಇಳಿಯುತ್ತಿತ್ತು. ಜೂನ್‌ನಲ್ಲಿ ಎರಡು ದೊಡ್ಡ ಮಳೆಯಾದರೆ ಅದೇ ಜಾಗದಲ್ಲಿ ಬಿರುಕಿನ ಗುರುತೂ ಇರುತ್ತಿರಲಿಲ್ಲ, ಚಪ್ಪಲಿ ಮಾತ್ರ ಕಿತ್ತು ಬರುತ್ತಿರಲಿಲ್ಲ.

ನಮ್ಮ ಹಿರಿಯರು ಈ ನೆಲದ ಮೇಲೆ ನೂರಾರು ವರ್ಷ ಬದುಕಿದವರು. ಮಾಳಿಗೆ ಮನೆಯ ಗೋಡೆ ಎರಡೂವರೆ, ಮೂರು ಅಡಿ ದಪ್ಪ, ಕಲ್ಲು ಮಣ್ಣಿನದು. ಮೇಲೆ ಜಂತಿ, ಅದರ ಮೇಲೆ ಮೇಲ್ಮುದ್ದಿ. ಭಾರವೆಲ್ಲ ಕಟ್ಟಿಗೆಯ ಕಂಬಗಳ ಮೇಲೆ. ನೆಲ ಒಂದಿಷ್ಟು ಮೇಲೆದ್ದರೆ ಜಂತಿ ಕಿರುಗುಟ್ಟುತ್ತಿತ್ತು, ಗೋಡೆ ಸೀಳುತ್ತಿತ್ತು. ದೀಪಾವಳಿಗೆ ಮುನ್ನ ಹೆಣ್ಣುಮಕ್ಕಳು ಮಣ್ಣು ಕಲಸಿ ಆ ಸೀಳು ಮುಚ್ಚಿ, ಸುಣ್ಣ ಬಳಿಯುತ್ತಿದ್ದರು. ಬಿರುಕು ಬಂದದ್ದನ್ನು ಯಾರೂ ದೋಷವೆಂದು ಎಣಿಸುತ್ತಿರಲಿಲ್ಲ. ಇನ್ನೊಂದು ಸಂಗತಿ ನಾವು ಎಂಜಿನಿಯರುಗಳು ತಡವಾಗಿ ಗಮನಿಸಿದ್ದು: ಆ ಮನೆಗಳೊಳಗೆ ನೀರು ತೀರ ಕಡಿಮೆ. ಕೆರೆಯಿಂದ ಕೊಡದಲ್ಲಿ ಹೊತ್ತು ತಂದ ನೀರು, ಅಳೆದು ಸುರಿದದ್ದು. ಬಚ್ಚಲು ಹಿತ್ತಲಿನ ಒಂದು ಮೂಲೆಯಲ್ಲಿ, ಮನೆಯ ಗೋಡೆಯಿಂದ ದೂರ.

ಹಾಗೆಂದು ಮಣ್ಣಿನ ಮನೆಯ ಗುಣಗಾನ ಮಾಡುತ್ತಾ ಕೂರುವವನಲ್ಲ ನಾನು. 2009ರ ಸೆಪ್ಟೆಂಬರ್ ಕೊನೆಗೂ ಅಕ್ಟೋಬರ್ ಆರಂಭಕ್ಕೂ ಸುರಿದ ಮಳೆಯಲ್ಲಿ ಉತ್ತರ ಕರ್ನಾಟಕದ ಮಣ್ಣಿನ ಗೋಡೆಗಳು ಹೇಗೆ ಮಲಗಿದವು, ಅವುಗಳಡಿ ಜನ ಹೇಗೆ ಸತ್ತರು ಎಂಬುದು ನಮ್ಮ ಕಡೆಯವರಿಗೆ ಮರೆಯುವಂಥದ್ದಲ್ಲ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಸಿಮೆಂಟಿಗೆ ಪರ್ಮಿಟ್ ಬೇಕಿತ್ತು. ತಹಶೀಲ್ದಾರ್ ಕಚೇರಿಯ ಚೀಟಿ ಹಿಡಿದು ಹತ್ತು ಚೀಲಕ್ಕಾಗಿ ವಾರಗಟ್ಟಲೆ ಅಲೆಯುತ್ತಿದ್ದೆವು. 1982ರಲ್ಲಿ ನಿಯಂತ್ರಣ ಸಡಿಲಾಯಿತು, 1989ರಲ್ಲಿ ಪೂರ್ತಿ ಹೋಯಿತು. ಆ ಏಳೆಂಟು ವರ್ಷಗಳಲ್ಲಿ ನಮ್ಮ ಊರುಗಳ ರೂಪವೇ ಬದಲಾಯಿತು. ಮಾಳಿಗೆ ಕೆಡವಿ ಸ್ಲ್ಯಾಬ್ ಹಾಕುವುದು ಅಂತಸ್ತಿನ ಮಾತಾಯಿತು. ಅದೇ ಹೊತ್ತಿಗೆ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಕಾಲುವೆಗಳಲ್ಲಿ ಹರಿದು ಬಂದಿತ್ತು. 1980ರ ಜುಲೈನಲ್ಲಿ ನರಗುಂದ, ನವಲಗುಂದಗಳ ರೈತರು ಬೀದಿಗಿಳಿದದ್ದೂ ಆ ನೀರಾವರಿಯ ಕರದ ವಿಚಾರಕ್ಕೇ. ಊರೊಳಗೆ ನಳ ಬಂದವು. ನಳ ಬಂದಮೇಲೆ ಬಚ್ಚಲು ಮನೆಯೊಳಗೆ ಬಂತು, ಹಿಂದೆಯೇ ಪಾಯಖಾನೆ, ಅಂಗಳದಲ್ಲಿ ತೆಂಗಿನ ಸಸಿ. ಗಟಾರ ಮಾತ್ರ ಬರಲಿಲ್ಲ.

ಒಂದೇ ಕಾಲದಲ್ಲಿ ಎರಡೂ ಆದದ್ದು ನೋಡಿ: ಬಾಗಲು ಒಲ್ಲದ ಬಿಗಿ ಗೋಡೆ ಬಂತು, ಅದರ ಬುಡಕ್ಕೆ ವರ್ಷಪೂರ್ತಿ ನೀರೂ ಬಂತು. ಎರಡು ಮಳೆಗಾಲ ಕಳೆಯುವುದರೊಳಗೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತಿತ್ತು. ಬಚ್ಚಲ ಕಡೆಯ ಗೋಡೆ ಎದ್ದು ನಿಲ್ಲುತ್ತಿತ್ತು, ಒಣಗಿದ ಕಡೆಯದು ಕೂರುತ್ತಿತ್ತು. ಶ್ರಾವಣದಲ್ಲಿ ಬಿಗಿಯಾದ ಬಾಗಿಲು ಶಿವರಾತ್ರಿಗೆ ತಾನಾಗಿ ಸಡಿಲಾಗುತ್ತಿತ್ತು. ಮನೆಯವರು ನಮ್ಮನ್ನು ಕರೆಸಿ, “ಸಿಮೆಂಟ್ ಕಮ್ಮಿ ಹಾಕೀರಿ” ಎಂದು ಜಗಳ ತೆಗೆಯುತ್ತಿದ್ದರು. ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ, ದಿನಾಂಕ ಬರೆದು ಬರುತ್ತಿದ್ದೆವು. ಗಾಜು ಒಡೆದರೆ ಮನೆ ಇನ್ನೂ ಚಲಿಸುತ್ತಿದೆ ಎಂದು ಲೆಕ್ಕ. ನಾನು ಅಂಟಿಸಿದ ಗಾಜುಗಳಲ್ಲಿ ಮಳೆಗಾಲ ದಾಟಿ ಉಳಿದವು ಅಪರೂಪ.

ಜನರಿಗೆ ತಿಳಿಹೇಳಲು ಕಷ್ಟವಾಗುತ್ತಿದ್ದ ಮಾತೊಂದಿತ್ತು. ಈ ನೆಲದಲ್ಲಿ ಭಾರದ ಕಟ್ಟಡಕ್ಕಿಂತ ಹಗುರ ಕಟ್ಟಡಕ್ಕೇ ಅಪಾಯ ಹೆಚ್ಚು. ಬಲವಾದ ಎರೆ ನೀರು ಕುಡಿದು ಮೇಲಕ್ಕೆ ಒತ್ತುವಾಗ ಅದರ ಒತ್ತಡ ಚದರ ಸೆಂಟಿಮೀಟರಿಗೆ ಎರಡು, ಮೂರು ಕಿಲೊ ಮುಟ್ಟಬಲ್ಲದು. ಒಂದಂತಸ್ತಿನ ಮನೆಯ ಗೋಡೆ ಕೆಳಗೆ ಒತ್ತುವುದು ಅದರ ಸಣ್ಣ ಪಾಲು. ಮೂರಂತಸ್ತಿನ ಕಟ್ಟಡ ತನ್ನ ಭಾರದಿಂದ ಒಂದಿಷ್ಟಾದರೂ ಎದುರು ನಿಲ್ಲುತ್ತದೆ. ಮೊದಲು ಬಾಗುವುದು ಕಂಪೌಂಡ್ ಗೋಡೆ. ಹುಬ್ಬಳ್ಳಿಯ ಹೊಸ ಬಡಾವಣೆಗಳಲ್ಲಿ ನಡೆದು ನೋಡಿ, ಮನೆ ನೆಟ್ಟಗಿರುತ್ತದೆ, ಕಂಪೌಂಡು ರಸ್ತೆಗೆ ನಮಸ್ಕಾರ ಹಾಕುತ್ತಿರುತ್ತದೆ.

ಈ ತಂಟೆಗೆ ಪರಿಹಾರವಾದ ಪೈಲ್ ನಾನು ಮೊದಲು ನೋಡಿದ್ದು ಸರ್ಕಾರಿ ವಸತಿಗೃಹವೊಂದರ ಕೆಲಸದಲ್ಲಿ. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ಈ ಮಣ್ಣಿಗೆಂದೇ 1950ರ ದಶಕದಲ್ಲಿ ರೂಪಿಸಿದ ವಿಧಾನ ಅದು, ಅಂಡರ್ ರೀಮ್ಡ್ ಪೈಲ್. ಅಲ್ಲಿ ನಿರ್ದೇಶಕರಾಗಿದ್ದ ದಿನೇಶ್ ಮೋಹನ್ ಅವರ ಹೆಸರು ಇದರೊಂದಿಗೆ ಸೇರಿಕೊಂಡಿದೆ. ವರ್ಷದ ಒಣಗು, ನೆನೆಗಳ ಆಟ ನಡೆಯುವುದು ಮೇಲಿನ ಮೂರೂವರೆ ಮೀಟರಿನ ಒಳಗೆ. ಅದರ ಕೆಳಗೆ ಮಣ್ಣಿನ ತೇವ ಹೆಚ್ಚುಕಡಿಮೆಯಾಗುವುದಿಲ್ಲ. ಹಾಗಾಗಿ ಅಷ್ಟು ಆಳಕ್ಕೆ ಕಾಂಕ್ರೀಟಿನ ಕಂಬ ಇಳಿಸಿ, ಬುಡದಲ್ಲಿ ಅಗಲ ಮಾಡಿ ಕಚ್ಚಿಸಿಬಿಡಬೇಕು.

ಮೂರು ಕಾಲಿನ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ನಡುವೆ ಅಗರ್ ಇಳಿಬಿಟ್ಟು, ಅಡ್ಡ ಹಿಡಿಕೆಗೆ ಕೈಕೊಟ್ಟು ನಾಲ್ವರು ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದರು. ಮೇಲಿನ ಒಣ ಪದರಿಗೆ ಅಗರ್ ಕಚ್ಚುತ್ತಲೇ ಇರಲಿಲ್ಲ, ಒಂದು ಕೊಡ ನೀರು ಸುರಿದು ಕಾಯಬೇಕಿತ್ತು. ಐದಾರು ಅಡಿ ಇಳಿದ ಮೇಲೆ ಕಪ್ಪು ಮಣ್ಣು ಅಂಟಾಗಿ ಬರುತ್ತಿತ್ತು, ಸುತ್ತಿ ಎಳೆದಾಗಲೆಲ್ಲ ಖುರಪಿಯಿಂದ ಕೆರೆದು ತೆಗೆಯಬೇಕು. ಹನ್ನೆರಡು ಅಡಿಗೆ ಅಗರ್ ತೆಗೆದು ರೀಮರ್ ಇಳಿಸುತ್ತಿದ್ದರು. ಮೇಲಿನಿಂದ ಒತ್ತಿದರೆ ಅದರ ಅಲಗುಗಳು ತೆರೆದುಕೊಂಡು ಗುಂಡಿಯ ಪಕ್ಕೆಯನ್ನು ಕೊರೆಯುತ್ತವೆ, ಕೊರೆದ ಮಣ್ಣು ಕೆಳಗಿನ ಬಕೆಟ್ಟಿಗೆ ಬೀಳುತ್ತದೆ. ಬಕೆಟ್ ತುಂಬಿತು, ಎಳೆ, ಸುರಿ, ಮತ್ತೆ ಇಳಿಸು. ಮೂವತ್ತು ಸೆಂಟಿಮೀಟರಿನ ಗುಂಡಿ ಬುಡದಲ್ಲಿ ಎಪ್ಪತ್ತೈದು ಆಗುವ ತನಕ ಇದೇ ಕೆಲಸ. ಕಣ್ಣಿಗೆ ಕಾಣದ ಆ ಬಲ್ಬಿನ ಅಗಲವನ್ನು ತುದಿ ಬಾಗಿಸಿದ ಸರಳು ಇಳಿಸಿ, ತಿರುಗಿಸಿ ಅಂದಾಜು ಮಾಡುತ್ತಿದ್ದೆವು. ಅಂದು ಕೊರೆದ ಗುಂಡಿಗೆ ಅಂದೇ ಕಬ್ಬಿಣದ ಪಂಜರ ಇಳಿಸಿ, ಕಾಂಕ್ರೀಟ್ ತುಂಬಿ ಮುಗಿಸಬೇಕು. ರಾತ್ರಿ ಮಳೆ ಬಂದರೆ ತಳದಲ್ಲಿ ಕೆಸರು ನಿಂತು ಶ್ರಮವೆಲ್ಲ ನೀರುಪಾಲು.

ಪೈಲುಗಳ ತಲೆಯ ಮೇಲೆ ಬೀಮ್ ಹಾಕುವಾಗ ಅದರ ತಳಕ್ಕೂ ನೆಲಕ್ಕೂ ನಡುವೆ ಎಂಟು ಸೆಂಟಿಮೀಟರ್ ಖಾಲಿ ಬಿಡಬೇಕು, ಎರೆ ಉಬ್ಬಿದರೆ ಉಬ್ಬಿಕೊಳ್ಳಲಿ ಎಂದು. ನಮ್ಮ ಗೌಂಡಿ ಕಾಕಾ ಇದಕ್ಕೆ ಒಪ್ಪಲೇ ಇಲ್ಲ.

“ಏನ್ರಿ ಸಾಹೇಬ್ರ, ಮನಿ ಗಾಳ್ಯಾಗ ನಿಂದರಸ್ತೀರೇನು?”

“ಕಾಕಾ, ಕೆಳಗ ಪೈಲ್ ಐತಲ್ಲ, ಅದು ಹೊರತೈತಿ.”

“ಪೈಲ್ ನಿಮಗ ಕಾಣತೈತಿ. ಮನಿಯವ್ರಿಗೆ ಸಂದಿ ಕಾಣತೈತಿ.”

ಕಾಕಾ ಅಂದದ್ದೇ ಆಯಿತು. ಕೆಲವೇ ತಿಂಗಳಲ್ಲಿ, ಹಾವು ಚೇಳು ಸೇರುತ್ತವೆಂದು ಅಲ್ಲಿದ್ದವರು ಆ ಸಂದಿಗೆ ಕಲ್ಲು ಮಣ್ಣು ಜಡಿದು ಗಿಲಾಯಿ ಮಾಡಿಸಿದ್ದರು. ಸಂದಿ ಮುಚ್ಚಿದರೆ ಪೈಲಿನ ಅರ್ಧ ಲಾಭ ಹೋದಂತೆ.

ಸಾಮಾನ್ಯರ ಮನೆಗೆ ಪೈಲ್ ಹತ್ತಲಿಲ್ಲ. ಅಗರ್ ಇದ್ದವರು ಕಡಿಮೆ, ತಿಳಿದ ಕೈಗಳು ಇನ್ನೂ ಕಡಿಮೆ. ನಮ್ಮಲ್ಲಿ ಊರಿದ್ದು ಕಾಲಂ ಮತ್ತು ಫೂಟಿಂಗ್: ಗರಸು (ಮೊರಂ ಮಣ್ಣು) ಸಿಗುವ ತನಕ, ಇಲ್ಲವೇ ಏಳೆಂಟು ಅಡಿ ತೋಡಿ ಫೂಟಿಂಗ್ ಹಾಕುವುದು, ಪ್ಲಿಂತ್ ಬೀಮಿನಿಂದ ಎಲ್ಲವನ್ನೂ ಬಿಗಿಯುವುದು.

ಇನ್ನು ಗರಸಿನ ವಿಚಾರ. ಮೊದಮೊದಲು ನಾವೆಲ್ಲ ಎರೆ ತೆಗೆದು ಉಸುಕು ತುಂಬುತ್ತಿದ್ದೆವು, ಉಸುಕು ಉಬ್ಬುವುದಿಲ್ಲವಲ್ಲ ಎಂಬ ಧೈರ್ಯದಿಂದ. ಆದರೆ ಎರೆಯ ನಡುವೆ ಉಸುಕು ತುಂಬಿದ ಗುಂಡಿ ಎಂದರೆ ನೀರು ಹಿಡಿದಿಡುವ ತೊಟ್ಟಿ. ಸುತ್ತಲಿನ ಮಳೆನೀರೆಲ್ಲ ಅಲ್ಲಿಗೇ ಇಳಿದು ಕೆಳಗಿನ ಎರೆಗೆ ನಿಧಾನವಾಗಿ ಕುಡಿಸುತ್ತದೆ. ಐಐಟಿ ಬಾಂಬೆಯ ಪ್ರೊಫೆಸರ್ ಆರ್. ಕೆ. ಕಟ್ಟಿ ಅವರು ಇದಕ್ಕೆ ಬೇರೆ ದಾರಿ ತೋರಿಸಿದರು: ಅಂಟು ಇರುವ, ಆದರೆ ಉಬ್ಬದ ಮಣ್ಣಿನ ಸುಮಾರು ಒಂದು ಮೀಟರ್ ದಪ್ಪದ ಪದರ. ನಮ್ಮ ಕಡೆಯ ಒಳ್ಳೆಯ ಗರಸು ಎಂದರೆ ಹೆಚ್ಚುಕಡಿಮೆ ಅದೇ. ಮಲಪ್ರಭಾ ಬಲದಂಡೆ ಕಾಲುವೆಯ ಲೈನಿಂಗಿನ ಅಡಿಯಲ್ಲೂ ಈ ವಿಧಾನ ಬಳಕೆಗೆ ಬಂತು. ಕಾಲುವೆಗೆ ಬಂದದ್ದು ಮನೆಗಳಿಗೆ ಬರಲು ಬಹಳ ವರ್ಷ ಹಿಡಿಯಿತು. ಬಂದಮೇಲೂ, ಟಿಪ್ಪರಿನಿಂದ ಒಮ್ಮೆಗೇ ಸುರಿದು ಮೇಲೆ ನೀರು ಬಿಟ್ಟು ಕೈತೊಳೆದುಕೊಳ್ಳುವವರೇ ಹೆಚ್ಚು. ಆರೇಳು ಇಂಚಿನ ಪದರ ಹಾಕಿ, ಹದವಾಗಿ ನೀರು ಚಿಮುಕಿಸಿ, ರೋಲರ್ ಓಡಿಸಿ, ಮತ್ತೆ ಮುಂದಿನ ಪದರ ಹಾಕಬೇಕು. ಬೇಸರದ ಕೆಲಸ, ಫೋಟೋದಲ್ಲಿ ಕಾಣದ ಕೆಲಸ.

ಅಂಗಡಿ, ಗೋದಾಮುಗಳ ಕಥೆ ಬೇರೆ. ಅಲ್ಲಿ ಕಾಲಂ ಆಳಕ್ಕೆ ಹೋಗಿರುತ್ತವೆ, ಕೆಡುವುದು ನೆಲ. ಹುಬ್ಬಳ್ಳಿಯ ಹೊರಗೆ ಒಂದು ಗೋದಾಮಿಗೆ ಎರೆಯ ಮೇಲೆ ನೇರವಾಗಿ ಆರಿಂಚಿನ ಕಾಂಕ್ರೀಟ್ ನೆಲ ಹಾಕಿದ್ದರು, ನಮ್ಮ ಕೆಲಸವಲ್ಲ, ದುರಸ್ತಿಗೆ ನಮ್ಮನ್ನು ಕರೆದಿದ್ದರು. ಮಾಲೀಕರ ಮಗ ನೆಲದ ನಡುವೆ ಒಂದು ಗೋಲಿ ಇಟ್ಟು ತೋರಿಸಿದ. ಅದು ತಾನಾಗಿ ಉರುಳಿ ಗೋಡೆ ಮುಟ್ಟಿತು. ಛಾವಣಿ ಇರುವುದರಿಂದ ಒಳಗೆ ಮಳೆ ಬಿದ್ದಿಲ್ಲ, ನಳವೂ ಇಲ್ಲ, ನೀರು ಎಲ್ಲಿಂದ ಬಂತು ಎಂದು ಅವರ ವಾದ. ನೀರು ಹೊಸದಾಗಿ ಬರಬೇಕೆಂದೇನೂ ಇಲ್ಲ. ಕಾಂಕ್ರೀಟ್ ಮುಚ್ಚಿದ ಮೇಲೆ ಕೆಳಗಿನ ತೇವ ಆರಿಹೋಗಲು ದಾರಿಯಿಲ್ಲ, ವರ್ಷಗಟ್ಟಲೆ ನಡುವೆ ಸೇರುತ್ತಾ ಹೋಗುತ್ತದೆ. ಅಂಚುಗಳು ಮಾತ್ರ ಪ್ರತಿ ಬೇಸಿಗೆ ಒಣಗಿ ಕುಗ್ಗುತ್ತವೆ. ನಡು ಏರುತ್ತದೆ, ಅಂಚು ಇಳಿಯುತ್ತದೆ. ಆ ನೆಲ ಒಡೆದು, ಎರೆ ಅಗೆದು, ಗರಸು ಕೂರಿಸಿ ಹೊಸದಾಗಿ ಹಾಕಲು ತಗುಲಿದ ಖರ್ಚು ಮೊದಲಿನ ನೆಲದ್ದಕ್ಕಿಂತ ಬಹಳ ಹೆಚ್ಚು.

ಈಗ ಎಲ್ಲಕ್ಕೂ ಯಂತ್ರವಿದೆ. ಜೆಸಿಬಿ ಅರ್ಧ ದಿನದಲ್ಲಿ ಮನೆಯೊಂದರ ತೆಗ್ಗುಗಳನ್ನೆಲ್ಲ ತೋಡುತ್ತದೆ, ಕಾಂಕ್ರೀಟ್ ಲಾರಿಯಲ್ಲಿ ಕಲಸಿಕೊಂಡೇ ಬರುತ್ತದೆ, ಉಸುಕಿನ ಬದಲು ಎಂ ಸ್ಯಾಂಡ್. ಮಣ್ಣು ಪರೀಕ್ಷೆಯೂ ಸುಲಭ. ಅದರಲ್ಲಿ ಒಂದು ನನಗೆ ಬಹಳ ಇಷ್ಟದ್ದು, ಮನೆಯವರನ್ನು ಕೂರಿಸಿಕೊಂಡೇ ಮಾಡುತ್ತಿದ್ದೆ. ಜರಡಿ ಹಿಡಿದ ಒಣ ಮಣ್ಣು ಹತ್ತು ಗ್ರಾಂ ಒಂದು ಅಳತೆ ಗಾಜಿಗೆ, ಹತ್ತು ಗ್ರಾಂ ಇನ್ನೊಂದಕ್ಕೆ. ಒಂದರಲ್ಲಿ ಚಿಮಣಿ ಎಣ್ಣೆ, ಇನ್ನೊಂದರಲ್ಲಿ ನೀರು. ಎಣ್ಣೆಯಲ್ಲಿ ಈ ಮಣ್ಣು ಉಬ್ಬುವುದಿಲ್ಲ. ಮರುದಿನ ಬಂದು ನೋಡಿದರೆ ನೀರಿನ ಗಾಜಿನಲ್ಲಿ ಮಣ್ಣು ಎಣ್ಣೆಯದಕ್ಕಿಂತ ಒಂದೂವರೆ ಪಟ್ಟು, ಕೆಟ್ಟ ಎರೆಯಾದರೆ ಎರಡು ಪಟ್ಟು ಎತ್ತರ ನಿಂತಿರುತ್ತದೆ. ನನ್ನ ಭಾಷಣಕ್ಕೆ ಒಪ್ಪದವರೂ ಆ ಎರಡು ಗಾಜುಗಳನ್ನು ಕಂಡು ಸುಮ್ಮನಾಗುತ್ತಿದ್ದರು.

ಇಷ್ಟಾದರೂ ಬಿರುಕು ಬಿಡುವ ಮನೆಗಳು ಕಡಿಮೆಯಾಗಿಲ್ಲ. ಯಾಕೆಂದು ಕೇಳಿದರೆ ನನ್ನ ಉತ್ತರ ಒಂದೇ. ನಾವು ಕಬ್ಬಿಣಕ್ಕೆ ರೊಕ್ಕ ಸುರಿಯಲು ಕಲಿತೆವು, ನೀರನ್ನು ಹೊರಹಾಕಲು ಕಲಿಯಲಿಲ್ಲ. ಹದಿನಾರು ಎಂಎಂ ಸರಳು ಬೇಕೆಂದು ಹಟ ಹಿಡಿಯುವ ಮಾಲೀಕರು ಮಾಳಿಗೆಯ ನೀರಿನ ಪೈಪನ್ನು ಗೋಡೆಯ ಬುಡಕ್ಕೇ ಬಿಟ್ಟಿರುತ್ತಾರೆ. ಬಚ್ಚಲ ಪೈಪಿನ ಕೀಲು ಸೋರುತ್ತಿರುವುದು ನೆಲದ ಫರಸಿ ಎದ್ದಮೇಲೇ ತಿಳಿಯುತ್ತದೆ. ಎರೆಗೆ ತೇವ ಇದ್ದರೆ ತೊಂದರೆಯಿಲ್ಲ, ಒಣಗಿದ್ದರೂ ತೊಂದರೆಯಿಲ್ಲ. ಮನೆಯ ಒಂದು ಮೂಲೆ ನೆನೆದು ಇನ್ನೊಂದು ಒಣಗಿದರೆ ಯಾವ ಕಾಲಮ್ಮೂ ಪೂರ್ತಿ ಕಾಯಲಾರದು.

ಆದ್ದರಿಂದ ಎರೆ ನೆಲದಲ್ಲಿ ಮನೆ ಕಟ್ಟಿಸುವವರು ಎಸ್ಟಿಮೇಟ್ ಕೈಗೆ ಬಂದ ಕೂಡಲೇ ಅದರ ಕೊನೆಯ ಪುಟ ನೋಡಬೇಕು. ಮನೆಯ ಸುತ್ತ ಐದಾರು ಅಡಿ ಅಗಲದ, ಹೊರಕ್ಕೆ ಇಳಿಜಾರಿರುವ ಕಾಂಕ್ರೀಟ್ ಪಟ್ಟಿ, ಅದರಾಚೆ ನೀರು ನಿಲ್ಲದ ಗಟಾರ, ಇವೆರಡೂ ಅಲ್ಲಿ ಇದ್ದರೆ ಸಹಿ ಹಾಕಿ. ಇಲ್ಲದಿದ್ದರೆ ಮುಂಬಾಗಿಲ ಕೆತ್ತನೆಯ ಖರ್ಚು ಕಡಿಮೆ ಮಾಡಿಯಾದರೂ ಬರೆಸಿಕೊಳ್ಳಿ. ದೊಡ್ಡ ಗಿಡ ಬೆಳೆಸುವುದಾದರೆ ಅದು ಬೆಳೆದಾಗ ಎಷ್ಟು ಎತ್ತರವಾಗುತ್ತದೋ ಅಷ್ಟು ದೂರದಲ್ಲಿ ನೆಡಿ.