ಒಂದೊಂದೇ ಚಮಚ

ಮಗುವಿಗೆ ಭೇದಿ ಶುರುವಾದರೆ ಮನೆಯವರೆಲ್ಲ ಕೇಳುವುದು ಒಂದೇ ಮಾತು: ಯಾವಾಗ ನಿಲ್ಲುತ್ತದೆ? ಓಆರ್‌ಎಸ್ ಭೇದಿಯನ್ನು ನಿಲ್ಲಿಸುವ ಔಷಧಿಯಲ್ಲ. ಮೈಯಿಂದ ಹೋದ ನೀರು, ಉಪ್ಪನ್ನು ಅದು ಮತ್ತೆ ತುಂಬಿಕೊಡುತ್ತದೆ, ಅಷ್ಟೆ. ಇದು ತಿಳಿಯದೆ, "ಕುಡಿಸಿದರೂ ಕಡಿಮೆಯಾಗಲಿಲ್ಲ" ಎಂದು ಅರ್ಧ ಲೋಟಕ್ಕೇ ಕೈಬಿಡುವವರಿದ್ದಾರೆ. ಆದರೆ ಭೇದಿಯಲ್ಲಿ ಎಳೆಯ ಮಕ್ಕಳ ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ಮೈಯ ನೀರು ಬತ್ತುವುದೇ.

ಬಾಯಿಂದ ಕುಡಿಸಿದರೆ ಸಾಕು ಎಂಬುದನ್ನು ಒಂದು ಕಾಲಕ್ಕೆ ಅನೇಕ ವೈದ್ಯರೂ ನಂಬಿರಲಿಲ್ಲ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಓಡಿಬಂದ ನಿರಾಶ್ರಿತರು ಪಶ್ಚಿಮ ಬಂಗಾಳದ ಗಡಿಯ ಬನಗಾಂವ್‌ನಲ್ಲಿ ತುಂಬಿದ್ದರು. ಕಾಲರಾ ಹಬ್ಬಿತು, ರಕ್ತನಾಳಕ್ಕೆ ಏರಿಸುವ ಸಲೈನ್ ಸಾಲದಾಯಿತು. ಶಿಶುವೈದ್ಯ ದಿಲೀಪ್ ಮಹಲನಾಬಿಸ್ ಗ್ಲುಕೋಸ್, ಅಡುಗೆ ಉಪ್ಪು, ಸೋಡಾ ಅಳೆದು ಪೊಟ್ಟಣ ಕಟ್ಟಿಸಿ, ಅದನ್ನು ಕರಗಿಸಿದ ನೀರನ್ನು ನಲ್ಲಿಯಿರುವ ಡ್ರಮ್ಮುಗಳಲ್ಲಿ ಇಡಿಸಿದರು. ಹಿಡಿದು ಕುಡಿಸಿದವರು ರೋಗಿಗಳ ಮನೆಯವರೇ. ನೂರಕ್ಕೆ 30ರಷ್ಟಿದ್ದ ಸಾವು ಅವರ ಆರೈಕೆಯಲ್ಲಿ 4ಕ್ಕಿಂತ ಕೆಳಗಿಳಿಯಿತು. ಕಾಯಿಲೆ ಬಿದ್ದ ಕರುಳು ಕೂಡ ಸಕ್ಕರೆಯ ಜೊತೆ ಉಪ್ಪನ್ನು ಹೀರಿಕೊಳ್ಳುತ್ತದೆ, ಅವುಗಳ ಹಿಂದೆಯೇ ನೀರೂ ಹೋಗುತ್ತದೆ. ಗುಟ್ಟು ಇದೇ. 2022ರಲ್ಲಿ ತೀರಿಕೊಂಡ ಅವರಿಗೆ ಪದ್ಮವಿಭೂಷಣ ಬಂದದ್ದು ಮರುವರ್ಷ.

ಇಲ್ಲಿ ಅಳತೆಯೇ ಮುಖ್ಯ. ಪೊಟ್ಟಣದ ಮೇಲೆ ಒಂದು ಲೀಟರ್ ಎಂದಿದ್ದರೆ, ಕಾಯಿಸಿ ಆರಿಸಿದ ಪೂರ್ತಿ ಒಂದು ಲೀಟರ್ ನೀರಿಗೆ ಇಡೀ ಪೊಟ್ಟಣ ಹಾಕಬೇಕು. ಕಲಸಿದ್ದನ್ನು 24 ಗಂಟೆಯ ನಂತರ ಚೆಲ್ಲಬೇಕು. ಜ್ಯೂಸು, ಸೋಡಾದಂಥ ಸಿಹಿ ಪಾನೀಯ ಬೇಡ. ಅತಿಯಾದ ಸಕ್ಕರೆ ಕರುಳಿಗೆ ಇನ್ನಷ್ಟು ನೀರೆಳೆದು ಭೇದಿ ಹೆಚ್ಚಿಸುತ್ತದೆ. ಎರಡು ವರ್ಷದೊಳಗಿನ ಮಗುವಿಗೆ ಒಂದೆರಡು ನಿಮಿಷಕ್ಕೊಂದು ಚಮಚ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಇನ್ನೂ ನಿಧಾನವಾಗಿ.

ಮುಂಬೈ, ಪುಣೆಯ ಫ್ಲ್ಯಾಟುಗಳಲ್ಲಿ ನಡುರಾತ್ರಿ ಚಮಚ ಹಿಡಿದು ಕೂತ ತಾಯಿಗೆ ಊರಿನಿಂದ ಅಜ್ಜಿಯ ಫೋನು ಬರುತ್ತದೆ: "ಗಂಜಿ ಕೊಡವ್ವಾ, ಹಾಲು ಮಾತ್ರ ಬ್ಯಾಡ." ಗಂಜಿಯ ಮಾತು ಸರಿ. ಎದೆಹಾಲನ್ನು ಮಾತ್ರ ನಿಲ್ಲಿಸಬಾರದು, ಪದೇ ಪದೇ ಕೊಡಬೇಕು. ಊಟ ಮಾಡುವ ಮಗುವಿಗೆ ಮೆತ್ತನೆಯ ಮೊಸರನ್ನ, ಬಾಳೆಹಣ್ಣು ಆಗುತ್ತದೆ. ಉಪವಾಸ ಕೆಡವಿದರೆ ಮಗು ಇನ್ನಷ್ಟು ಸೊರಗುತ್ತದೆ. ವೈದ್ಯರು ಹೇಳಿದ ಜಿಂಕ್ ಅನ್ನು ಭೇದಿ ನಿಂತ ಮೇಲೂ, ಅವರು ಹೇಳಿದಷ್ಟು ದಿನ ಮುಗಿಸಬೇಕು. ಭೇದಿ ನಿಲ್ಲಿಸುವ ಮಾತ್ರೆಯನ್ನು ಅಂಗಡಿಯಿಂದ ತಂದು ಕೊಡಬಾರದು.

ಚಮಚಕ್ಕೂ ಒಂದು ಮಿತಿಯಿದೆ. ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಆರೇಳು ಗಂಟೆ ಮೂತ್ರವಿಲ್ಲದಿರುವುದು, ಕುಡಿದದ್ದೆಲ್ಲ ವಾಂತಿ, ಎಬ್ಬಿಸಿದರೂ ಕಣ್ಣುಬಿಡದ ಮಂಪರು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬಾರದು, ಆಸ್ಪತ್ರೆಗೆ ಹೊರಡಬೇಕು. ಎರಡು ತಿಂಗಳೊಳಗಿನ ಕೂಸಾದರೆ ಭೇದಿ ಕಂಡ ಕೂಡಲೇ. ದಾರಿಯುದ್ದಕ್ಕೂ, ಮಗು ನುಂಗುವಷ್ಟು ಎಚ್ಚರವಿದ್ದರೆ, ಕುಡಿಸುತ್ತಲೇ ಇರಬೇಕು.