ಸಿಗ್ನಲ್ ಇಲ್ಲದ ಊರಿಗೆ ಹೋಗುವಾಗ

ಧಾರವಾಡದಿಂದ ಹಳಿಯಾಳ, ದಾಂಡೇಲಿ ಹಾದು ಜೋಯಿಡಾದ ಕಾಡು ಸೇರುವ ದಾರಿ ನಮ್ಮ ಕಡೆಯವರಿಗೆ ಹೊಸದಲ್ಲ. ಹಳಿಯಾಳದ ತನಕ ಎಡಬಲಕ್ಕೆ ಕಬ್ಬು, ಭತ್ತದ ಗದ್ದೆ. ದಾಂಡೇಲಿ ಹತ್ತಿರವಾದಂತೆ ಕಾಗದದ ಕಾರ್ಖಾನೆಯ ವಾಸನೆ ಮೂಗಿಗೆ ಬಡಿಯುತ್ತದೆ. ಅದು ಹಿಂದೆ ಬಿದ್ದರೆ ಸಾಗವಾನಿ, ಬಿದಿರು, ಕಾಳಿ ನದಿ. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು. ಸೂಪಾ ಎಂಬ ಹಳೆಯ ಊರು ಈಗ ಆ ನೀರಿನ ತಳದಲ್ಲಿದೆ. ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದದ್ದು ಅದರಿಂದಲೇ. ಅಲ್ಲಿಂದ ಒಳಗೆ ಹೋದಂತೆ ಮೊಬೈಲಿನ ಗೆರೆಗಳು ನಾಲ್ಕಿದ್ದದ್ದು ಎರಡಾಗಿ, ಎರಡು ಒಂದಾಗಿ, ಯಾವುದೋ ತಿರುವಿನಲ್ಲಿ ಸೊನ್ನೆಯಾಗುತ್ತವೆ.

2025ರ ಜನವರಿಯಲ್ಲಿ ನಾವು ಅಲ್ಲಿ ನಾಲ್ಕು ದಿನ ಇರುವುದೆಂದು ಠರಾಯಿಸಿದೆವು. ದುಬೈಯಲ್ಲಿರುವ ನನ್ನ ಅಣ್ಣನ ಮಗ ಹೆಂಡತಿ ಮಕ್ಕಳೊಂದಿಗೆ ಗೋವಾದಲ್ಲಿ ವಿಮಾನ ಇಳಿದು, ಕಾರವಾರ, ಕದ್ರಾ, ಅಣಶಿ ಘಟ್ಟದ ಮೇಲೆ ಬರುವುದು. ನಾವು ಧಾರವಾಡದಿಂದ ಹೋಗುವುದು. ಕಾಡಿನೊಳಗಿನ ಹಳ್ಳಿಯೊಂದರ ಹೋಂಸ್ಟೇಯಲ್ಲಿ ಎಲ್ಲರೂ ಕೂಡುವುದು. ಎಲ್ಲವೂ ಸರಿಯೇ. ಆದರೆ ನಮ್ಮ ವೈನಿ, ಅಂದರೆ ಅವನ ತಾಯಿ, ಎಂಬತ್ತೆರಡು ವರ್ಷದವರು. ಹೃದಯದ ಔಷಧ ನಡೆದಿದೆ. ಘಟ್ಟದ ತಿರುವು ಅವರಿಗೆ ಆಗದು, ಧಾರವಾಡದಲ್ಲೇ ಉಳಿಯುವವರು. ನಾಲ್ಕು ದಿನ ಫೋನು ಮುಟ್ಟದ ಜಾಗದಲ್ಲಿ ನಾವಿದ್ದಾಗ ಅವರಿಗೇನಾದರೂ ಆದರೆ?

ಒಂದು ರಾತ್ರಿ ಅವನ ಕರೆ ಬಂತು. "ಕಾಕಾ, ಇಲ್ಲೆ ಸ್ಯಾಟಲೈಟ್ ಫೋನ್ ಅಂಗಡ್ಯಾಗ ಮಾರತಾರ. ನನ್ನ ಗೆಳೆಯಾ ಒಬ್ಬಾವ ಕೆಲಸಾ ಬಿಟ್ಟು ಊರಿಗೆ ಹೊಂಟಾನ. ಹಳೇ ಸೆಟ್ಟು ಸ್ವಸ್ತದಾಗ ಕೊಡತೀನಿ ಅಂದಾನ. ತಂದಬಿಡ್ಲೇನು?"

"ಎರಡು ದಿನ ತಡಿ, ವಿಚಾರಿಸಿ ಹೇಳತೀನಿ" ಎಂದೆ.

ಮಕ್ಕಳೇ, ನಮ್ಮ ಕೈಯಲ್ಲಿರುವ ಮೊಬೈಲಿಗೂ ಉಪಗ್ರಹ ಫೋನಿಗೂ ಇರುವ ವ್ಯತ್ಯಾಸ ಇಷ್ಟು. ನಮ್ಮ ಮೊಬೈಲು ಕೆಲವೇ ಕಿಲೋಮೀಟರ್ ದೂರದ ಟವರಿನೊಂದಿಗೆ ಮಾತಾಡುತ್ತದೆ. ಉಪಗ್ರಹ ಫೋನು ಆಕಾಶದಲ್ಲಿರುವ ಉಪಗ್ರಹದೊಂದಿಗೇ ನೇರವಾಗಿ ಮಾತಾಡುತ್ತದೆ. ಇರಿಡಿಯಂ ಎಂಬ ಕಂಪನಿಯ 66 ಉಪಗ್ರಹಗಳು ಸುಮಾರು 780 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ನೂರು ನಿಮಿಷಕ್ಕೊಮ್ಮೆ ಸುತ್ತುತ್ತವೆ. ಮೊದಲು 77 ಉಪಗ್ರಹ ಹಾರಿಸುವ ಯೋಜನೆ ಇತ್ತಂತೆ. ಇರಿಡಿಯಂ ಧಾತುವಿನ ಪರಮಾಣು ಸಂಖ್ಯೆ 77, ಅದಕ್ಕೇ ಆ ಹೆಸರು. ಸಂಖ್ಯೆ ಇಳಿದರೂ ಹೆಸರು ಹಾಗೇ ಉಳಿಯಿತು. 1998ರಲ್ಲಿ ಸೇವೆ ಶುರುವಾಗಿ ಮರುವರ್ಷವೇ ಕಂಪನಿ ದಿವಾಳಿ ಎದ್ದಿತು. ಆಮೇಲೆ ಬೇರೆಯವರ ಕೈಗೆ ಹೋಗಿ ಚೇತರಿಸಿಕೊಂಡಿತು. ಸಾಲ ವಸೂಲಿಯ ಕಡತ ನೋಡಿ ಗೊತ್ತಿರುವ ನನಗೆ ಈ ಸಂಗತಿಯೇ ಹೆಚ್ಚು ರುಚಿಸಿತು.

ಇನ್ಮಾರ್‌ಸ್ಯಾಟ್ ಎಂಬುದು ಇನ್ನೊಂದು. 1979ರಲ್ಲಿ ಸಮುದ್ರದ ಹಡಗುಗಳಿಗಾಗಿ ಹುಟ್ಟಿದ್ದು. ಇದರ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಮೇಲೆ, ನಾವು ನೋಡುವಾಗ ಒಂದೇ ಕಡೆ ನಿಂತಂತೆ ಇರುತ್ತವೆ. ಅಷ್ಟು ದೂರದ ಮಾತು ತಡವಾಗುವುದಿಲ್ಲವೇ ಎಂದು ಏಳನೆಯ ಇಯತ್ತೆಯ ನನ್ನ ಮೊಮ್ಮಗಳು ಕೇಳಿದಳು. ಲೆಕ್ಕ ಅವಳ ಕೈಯಲ್ಲೇ ಮಾಡಿಸಿದೆ. ಮೇಲೆ 36,000, ಕೆಳಗೆ 36,000, ಕೂಡಿ 72,000 ಕಿಲೋಮೀಟರ್. ರೇಡಿಯೋ ತರಂಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುತ್ತದೆ. ಭಾಗಿಸಿದರೆ 0.24 ಸೆಕೆಂಡು. ನಾವು "ಆರಾಮ?" ಎಂದು ಕೇಳಿ, ಅತ್ತಲಿನ "ಆರಾಮ" ನಮಗೆ ಮುಟ್ಟುವ ಹೊತ್ತಿಗೆ ಸುಮಾರು ಅರ್ಧ ಸೆಕೆಂಡು ಹೋಗಿರುತ್ತದೆ. ನಮ್ಮ ಮನೆಯಲ್ಲಿ ಒಬ್ಬರು ಮಾತು ಮುಗಿಸುವ ಮೊದಲೇ ಇನ್ನೊಬ್ಬರು ಶುರು ಮಾಡುತ್ತಾರೆ. ಅರ್ಧ ಸೆಕೆಂಡು ತಡೆದುಕೊಳ್ಳುವುದು ಕಷ್ಟವೇ.

ಅಷ್ಟು ಎತ್ತರದ ಉಪಗ್ರಹಗಳನ್ನು ಹದ್ದುಬಸ್ತಿನಲ್ಲಿಡುವ ಕೆಲಸ ನಮ್ಮ ರಾಜ್ಯದಲ್ಲೂ ನಡೆಯುತ್ತದೆ. ಇಸ್ರೋದ ಇಂಥ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ ಹಾಸನದಲ್ಲಿದೆ, 1982ರಿಂದ. ಬೇಲೂರು, ಹಳೇಬೀಡಿಗೆ ಹೋಗುವ ಶಾಲೆಯ ಮಕ್ಕಳಿಗೆ ಇದನ್ನೂ ಹೇಳಬೇಕು.

ಬೆಳಗಿನ ತಿರುಗಾಟದಲ್ಲಿ ಜೊತೆಯಾಗುವ, ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಗೆಳೆಯರೊಬ್ಬರ ಮುಂದೆ ದುಬೈ ಫೋನಿನ ಮಾತು ತೆಗೆದೆ. ಅವರು ನಡಿಗೆಯನ್ನೇ ನಿಲ್ಲಿಸಿದರು. "ಬ್ಯಾಡ್ರಿ! ಆ ಹುಡುಗಗ ಇವತ್ತ ಹೇಳಿಬಿಡ್ರಿ. ವಿಮಾನ ಇಳದಾವ ಸೀದಾ ಠಾಣೆಗೆ ಹೋಗತಾನ."

ಅವರು ಹೇಳಿದ್ದನ್ನು ಪತ್ರಿಕೆಗಳಲ್ಲೂ ಹುಡುಕಿ ನೋಡಿದೆ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಭಾರತದಲ್ಲಿ ಉಪಗ್ರಹ ಫೋನು ಬಳಸುವುದಿರಲಿ, ಇಟ್ಟುಕೊಳ್ಳುವುದೇ ಅಪರಾಧ. 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಕಾಯ್ದೆಗಳ ಕಾಲದಿಂದ ಬಂದ ಕಟ್ಟು ಇದು. 2008ರ ನವೆಂಬರಿನಲ್ಲಿ ಮುಂಬಯಿಯ ಮೇಲೆ ದಾಳಿ ಮಾಡಿದವರ ಬಳಿ ಇಂಥ ಫೋನು ಇತ್ತು. ಆಮೇಲೆ ಕಾವಲು ಇನ್ನಷ್ಟು ಬಿಗಿಯಾಯಿತು. ಥುರಾಯಾ, ಇರಿಡಿಯಂ ಫೋನುಗಳನ್ನು ತರಲೇಬಾರದು. ಥುರಾಯಾ ಅಮೀರರ ನಾಡಿನದೇ ಕಂಪನಿ. ದುಬೈಯಲ್ಲಿ ರಾಜಾರೋಷವಾಗಿ ಕೊಂಡ ವಸ್ತು ಮೂರು ತಾಸಿನ ವಿಮಾನ ಪ್ರಯಾಣ ಮುಗಿಯುವಷ್ಟರಲ್ಲಿ ಅಪರಾಧದ ವಸ್ತುವಾಗುತ್ತದೆ.

ನಮ್ಮ ಹುಡುಗ ಇಳಿಯಬೇಕಿದ್ದ ಗೋವಾದಲ್ಲೇ, ಕೇವಲ ಒಂದು ತಿಂಗಳ ಹಿಂದೆ, 2024ರ ಡಿಸೆಂಬರಿನಲ್ಲಿ, ಕೆನಡಾದ ಓಟಗಾರ್ತಿಯೊಬ್ಬರನ್ನು ವಿಮಾನ ನಿಲ್ದಾಣದಲ್ಲಿ ತಡೆದಿದ್ದರು. ಅವರಲ್ಲಿದ್ದದ್ದು ಫೋನೂ ಅಲ್ಲ. ಬೆಟ್ಟಗಾಡಿನಲ್ಲಿ ದಾರಿ ತಪ್ಪಿದರೆ ಉಪಗ್ರಹದ ಮೂಲಕ ಚಿಕ್ಕ ಸಂದೇಶ ಕಳಿಸುವ, ಅಂಗೈಯಲ್ಲಿ ಹಿಡಿಯುವ ಸಾಧನ. ಬೇರೆ ದೇಶಗಳಲ್ಲಿ ಚಾರಣಕ್ಕೆ ಹೋಗುವವರು ನೀರಿನ ಬಾಟಲಿಯಂತೆ ಸಹಜವಾಗಿ ಒಯ್ಯುವ ವಸ್ತು ಅದು. ಆದರೂ ಪೊಲೀಸು, ಕೋರ್ಟು ತಪ್ಪಲಿಲ್ಲ. ಜನವರಿಯಲ್ಲಿ ವಿಮಾನಯಾನ ನಿರ್ದೇಶನಾಲಯವು ಪ್ರಯಾಣಿಕರಿಗೆ ಈ ವಿಷಯ ತಿಳಿಸಿ ಹೇಳಬೇಕೆಂದು ವಿಮಾನ ಕಂಪನಿಗಳಿಗೇ ಸೂಚನೆ ಕೊಟ್ಟಿತು. ಪರದೇಶದಲ್ಲಿ ಮಕ್ಕಳಿರುವ ಅಜ್ಜ-ಅಜ್ಜಿಯರು ಇದನ್ನು ಫೋನಿನಲ್ಲಿ ಒಮ್ಮೆ ಹೇಳಿಡುವುದು ಲೇಸು. ಪ್ರೀತಿಯಿಂದ ಏನೇನೋ ತರುವ ಸ್ವಭಾವ ಮಕ್ಕಳದ್ದು.

ಹಾಗಾದರೆ ಭಾರತದಲ್ಲಿ ಉಪಗ್ರಹ ಫೋನೇ ಇಲ್ಲವೇ? ಇದೆ. ಬಿಎಸ್‌ಎನ್‌ಎಲ್ 2017ರಿಂದ ಇನ್ಮಾರ್‌ಸ್ಯಾಟ್ ಸೇವೆ ಕೊಡುತ್ತಿದೆ. ಅದರ ಭೂಕೇಂದ್ರ ಗಾಜಿಯಾಬಾದಿನಲ್ಲಿದೆ. ಮೊದಲು ಕೊಟ್ಟದ್ದು ಸರಕಾರದ ಇಲಾಖೆಗಳಿಗೆ. ವಿಪತ್ತು ನಿರ್ವಹಣೆಯವರು, ಗಡಿ ಕಾಯುವವರು, ಹಡಗಿನವರು ಇಂಥವರಿಗೆ ಇದು ಬಹಳ ಉಪಯೋಗದ್ದು. ನಾಲ್ಕು ದಿನ ಕಾಡಿಗೆ ಹೋಗಿ ಬರುವ ಕುಟುಂಬ ಅರ್ಜಿ ಹಾಕಿ, ಅನುಮತಿ ಪಡೆದು ಕೊಳ್ಳುವಂಥ ಸ್ವಸ್ತದ ಸರಕಲ್ಲ. ಸೆಟ್ಟಿನ ಬೆಲೆ ಒಂದು ಕಡೆ, ಬೇರೆ ಸಿಮ್ಮು, ಬೇರೆ ಬಾಡಿಗೆ, ನಿಮಿಷದ ಲೆಕ್ಕದ ದುಡ್ಡು ಇನ್ನೊಂದು ಕಡೆ.

ಗೆಳೆಯರು ಹೇಳಿದ ಮತ್ತೊಂದು ಮಾತು ನನಗೆ ಬಹಳ ಹಿಡಿಸಿತು. ಉಪಗ್ರಹ ಫೋನಿಗೆ ಬಯಲು ಆಕಾಶ ಬೇಕು. ಮನೆಯೊಳಗೆ, ದಟ್ಟ ಮರಗಳ ಕೆಳಗೆ ಅದು ಮೂಕ. ಆಂಟೆನಾ ಮೇಲೆತ್ತಿ ಹಿಡಿದು ನಿಂತಾಗ ಮಾತ್ರ ಕರೆ ಬರುತ್ತದೆ, ಹೋಗುತ್ತದೆ. ಜೋಯಿಡಾದ ಕಾಡಿನಲ್ಲಿ ರಾತ್ರಿ ಹೊದ್ದು ಮಲಗಿದಾಗ, ದಿಂಬಿನ ಪಕ್ಕದಲ್ಲಿ ಆ ಫೋನು ಇದ್ದರೂ ವೈನಿಯ ಮನೆಯ ಕರೆ ನಮಗೆ ಕೇಳುತ್ತಿರಲಿಲ್ಲ. ಆಗಲೂ ಗುಡ್ಡ ಹತ್ತಬೇಕು, ಆಗಲೂ ಇಂಥ ಹೊತ್ತಿಗೆಂದು ಮಾತಾಡಿಕೊಂಡಿರಬೇಕು.

ದುಬೈಗೆ ಅಂದೇ ಹೇಳಿದೆ. ಹುಡುಗ ಗಾಬರಿಯಾಗಿ ಗೆಳೆಯನ ಸೆಟ್ಟಿನ ಮಾತು ಬಿಟ್ಟ. ಆಮೇಲೆ ನಾನು ಹೋಂಸ್ಟೇಯ ಯಜಮಾನರಿಗೆ ಫೋನು ಹಚ್ಚಿದೆ. ಅವರು ಜೋಯಿಡಾ ಪೇಟೆಗೆ ಬಂದಾಗಷ್ಟೇ ಸಿಗುವವರು. ನಮ್ಮ ಚಿಂತೆ ಕೇಳಿ ನಕ್ಕರು. "ನಾವೂ ಇಲ್ಲೇ ಬಾಣಂತನ ಮಾಡಿಸೀವಿ, ಮಂದಿ ಸತ್ತದ್ದು ಹುಟ್ಟಿದ್ದು ಎಲ್ಲಾ ತಿಳೀತೈತ್ರಿ" ಎಂದು ದಾರಿ ಹೇಳಿಕೊಟ್ಟರು. ಊರ ಹಿಂದಿನ ಗುಡ್ಡದ ನೆತ್ತಿಯಲ್ಲಿ ಒಂದು ಬಂಡೆ. ಅಲ್ಲಿ ಸಿಗ್ನಲ್ ಬರುತ್ತದೆ. ಬೆಳಗ್ಗೆ ಎಂಟಕ್ಕೆ, ಸಂಜೆ ಐದಕ್ಕೆ ಅಲ್ಲಿ ಹೋಗಿ ನಾವೇ ಕರೆ ಮಾಡುವುದು. ನಡುವೆ ಏನಾದರೂ ಜರೂರಿ ಇದ್ದರೆ ಜೋಯಿಡಾ ಬಸ್‌ಸ್ಟ್ಯಾಂಡ್ ಹತ್ತಿರ ಅವರ ಭಾವನ ಅಂಗಡಿ. ಧಾರವಾಡದವರು ಅಲ್ಲಿಗೆ ಹೇಳಿದರೆ ಭಾವ ಚೀಟಿ ಬರೆದು ವಸ್ತಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಾರೆ. ವಸ್ತಿ ಬಸ್ಸೆಂದರೆ ಏನು ಎಂದು ಪೇಟೆಯ ಮಕ್ಕಳು ಕೇಳಬಹುದು. ಸಂಜೆ ಹಳ್ಳಿಗೆ ಬಂದು, ರಾತ್ರಿ ಅಲ್ಲೇ ತಂಗಿ, ಬೆಳಗಿನ ಜಾವ ಮತ್ತೆ ಹೊರಡುವ ಬಸ್ಸು.

ನಾನು ಒಂದು ಹಾಳೆಯ ಮೇಲೆ ಇದೆಲ್ಲ ಬರೆದೆ. ನಾವಿರುವ ಊರು, ಮನೆಯ ಯಜಮಾನರ ಹೆಸರು, ಭಾವನ ಅಂಗಡಿಯ ನಂಬರು, ಜೋಯಿಡಾ ಆಸ್ಪತ್ರೆ, ನಾವು ಗುಡ್ಡಕ್ಕೆ ಹೋಗುವ ಹೊತ್ತು, ಮರಳುವ ದಿನ. ಒಂದು ಪ್ರತಿ ವೈನಿಯ ತಲೆದಿಂಬಿನ ಕೆಳಗೆ, ಇನ್ನೊಂದು ಪಕ್ಕದ ಮನೆಯವರ ಕೈಯಲ್ಲಿ. ಬ್ಯಾಂಕಿನಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಮಧ್ಯಾಹ್ನದ ತನಕ ಕಾದವರು ನಾವು. ತಂತಿಯಲ್ಲಿ ಬಂದ ಹಣದ ಆದೇಶವನ್ನು ಸಂಕೇತದ ಪುಸ್ತಕ ಹಿಡಿದು ಬಿಡಿಸಿದವರು. ಆ ತಂತಿ ಸೇವೆ 2013ರ ಜುಲೈಯಲ್ಲಿ ಮುಗಿಯಿತು, ಬರೆದಿಡುವ ಚಟ ಮುಗಿದಿಲ್ಲ. ಮೊಮ್ಮಗಳು ತನ್ನ ಅಪ್ಪನ ಮೊಬೈಲಿನಲ್ಲಿ ಜೋಯಿಡಾ ಸುತ್ತಲಿನ ನಕಾಶೆಯನ್ನು ಮನೆಯಲ್ಲೇ ಇಳಿಸಿಟ್ಟುಕೊಂಡಳು. ಸಿಗ್ನಲ್ ಇಲ್ಲದಿದ್ದರೂ ಜಿಪಿಎಸ್ ಉಪಗ್ರಹಗಳಿಂದ ನಾವು ಎಲ್ಲಿದ್ದೇವೆಂಬುದು ಆ ನಕಾಶೆಯಲ್ಲಿ ಕಾಣುತ್ತದೆ. ಇದಕ್ಕೆ ಯಾವ ಅನುಮತಿಯೂ ಬೇಡ, ದುಡ್ಡೂ ಇಲ್ಲ. ಇನ್ನು 112. ನಮ್ಮ ಕಂಪನಿಯ ಸಿಗ್ನಲ್ ಇಲ್ಲದ ಕಡೆ ಬೇರೆ ಕಂಪನಿಯ ಟವರ್ ಇದ್ದರೆ ಈ ತುರ್ತು ಕರೆ ಅದರ ಮೂಲಕ ಹೋಗಬಹುದು. ಯಾವ ಟವರೂ ಇಲ್ಲದ ಕಡೆ ಅದೂ ಇಲ್ಲ.

ಹೋಂಸ್ಟೇ ಅಡಿಕೆ ತೋಟದ ಅಂಚಿನಲ್ಲಿತ್ತು. ಮನೆಯವರು ಕುಣಬಿಗಳು. ತಮ್ಮೊಳಗೆ ಕೊಂಕಣಿ, ನಮ್ಮೊಡನೆ ಕನ್ನಡ. ಜೋಯಿಡಾದ ಕುಣಬಿಗಳು ಬೆಳೆಯುವ ಗೆಡ್ಡೆ ಗೆಣಸುಗಳ ಬಗೆ ನೋಡಿದರೆ ನಮ್ಮ ಧಾರವಾಡದ ಸಂತೆ ಬಡವಾಗಿ ಕಾಣುತ್ತದೆ. ಅದಕ್ಕಾಗಿ ಅಲ್ಲಿ ಮೇಳವೇ ನಡೆಯುತ್ತದೆ. ಬೆಳಗ್ಗೆ ಮಂಗಟ್ಟೆ ಹಕ್ಕಿಗಳು ಅತ್ತಿಯ ಮರಕ್ಕೆ ಬರುತ್ತಿದ್ದವು. ಹಾರುವಾಗಿನ ರೆಕ್ಕೆಯ ಸದ್ದು ಹಳೆಯ ಉಗಿಬಂಡಿಯ ಉಸಿರಿನಂತೆ ಇರುತ್ತದೆ. ಸಂಜೆ ಕತ್ತಲಾದ ಮೇಲೆ ಅಂಗಳದಲ್ಲಿ ಮಕ್ಕಳು ಅಂಗಾತ ಮಲಗಿ ಚಲಿಸುವ ಚುಕ್ಕಿಗಳನ್ನು ಎಣಿಸಿದರು. ಸೂರ್ಯ ಮುಳುಗಿ ಒಂದು ತಾಸಿನ ತನಕ ಕೆಳಗಿನ ಕಕ್ಷೆಯ ಉಪಗ್ರಹಗಳು ಬಿಸಿಲು ಬಿದ್ದು ಹೊಳೆಯುತ್ತವೆ. ಮಿನುಗದೆ, ಸದ್ದಿಲ್ಲದೆ ಆಕಾಶ ದಾಟುತ್ತವೆ. ಹನ್ನೊಂದು ಎಣಿಸಿದರು. "ಇಷ್ಟೆಲ್ಲಾ ತಲೀ ಮ್ಯಾಲೆ ಓಡತಾವ, ಅವ್ವಗ ಒಂದ ಮಾತ ಮುಟ್ಟಸಲಿಕ್ಕೆ ಬರೂದಿಲ್ಲ ನೋಡ್ರಿ ಕಾಕಾ" ಎಂದ ಹುಡುಗ.

ಮೂರನೆಯ ದಿನ ರಾತ್ರಿ ವಸ್ತಿ ಬಸ್ಸಿನ ಕಂಡಕ್ಟರ್ ಅಂಗಳಕ್ಕೆ ಬಂದು ಚೀಟಿ ಕೊಟ್ಟರು. 'ಅಜ್ಜಿಯವರಿಗೆ ಜ್ವರ. ಡಾಕ್ಟರ್ ಬಂದು ನೋಡಿ ಹೋದರು. ಮನೆಯಲ್ಲೇ ಇದ್ದಾರೆ. ಬೆಳಗ್ಗೆ ಫೋನ್ ಮಾಡಿರಿ.' ನಾಲ್ಕೇ ಸಾಲು. ಹುಡುಗ ಈಗಲೇ ಗುಡ್ಡ ಹತ್ತುತ್ತೇನೆಂದ. ಹುಲಿ ಸಂರಕ್ಷಿತ ಅರಣ್ಯದ ಅಂಚು, ರಾತ್ರಿ ಬೇಡವೆಂದು ಯಜಮಾನರು ತಡೆದರು. "ಮನೆಯಲ್ಲೇ ಇದ್ದಾರೆ" ಎಂಬ ಎರಡು ಶಬ್ದವನ್ನು ಅವನು ಎಷ್ಟು ಸಲ ಓದಿದನೋ. ನನಗೂ ನಿದ್ದೆ ಇಲ್ಲ. ಬೆಳಕು ಹರಿಯುತ್ತಲೇ ಯಜಮಾನರು ಮುಂದೆ, ನಾವಿಬ್ಬರು ಹಿಂದೆ. ಬಂಡೆಯ ಮೇಲೆ ಎರಡು ಗೆರೆ ಮೂಡಿದವು. ಅತ್ತ ಫೋನೆತ್ತಿದ್ದು ವೈನಿಯೇ. "ನನಗೇನ ಆಗೇದೋ? ಥಂಡಿಗೆ ಮೈ ಬಿಸಿ ಆಗಿತ್ತು, ಈಗ ಇಳದದ. ಬಾಜೂಕಿನವ್ರು ಸುಮ್ಮ ಹೆದರ‍್ಯಾರ. ಅಲ್ಲೆ ಮುಡ್ಲಿ ಸಿಗತಾವಂತಲ್ಲಾ, ನಾಕ ತಗೊಂಬಾ."

ಹುಡುಗ ಬಂಡೆಯ ಮೇಲೆಯೇ ಕುಳಿತುಬಿಟ್ಟ. ಮುಡ್ಲಿ ಗೆಡ್ಡೆ ಒಂದು ಚೀಲ ತುಂಬ ತಂದೆವು.

ಮೊಮ್ಮಗಳಿಗೆ ಈ ಎಲ್ಲದರಿಂದ ರೇಡಿಯೋದ ಹುಚ್ಚು ಹಿಡಿದಿದೆ. ಹಡಗು, ವಿಮಾನಗಳು ಅಪಾಯದಲ್ಲಿ ಕಳಿಸುವ ಸಂಕೇತವನ್ನು ಉಪಗ್ರಹದ ಮೂಲಕ ಕೇಳಿಸಿಕೊಳ್ಳುವ ಭಾರತದ ಕೇಂದ್ರ ಬೆಂಗಳೂರಿನ ಇಸ್ರೋದಲ್ಲೇ ಇದೆ ಎಂದು ಓದಿ ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ನಮ್ಮ ದೇಶದಲ್ಲಿ ಹನ್ನೆರಡು ತುಂಬಿದವರು ಹ್ಯಾಮ್ ರೇಡಿಯೋ ಪರೀಕ್ಷೆಗೆ ಕೂಡಬಹುದು. ತೇರ್ಗಡೆಯಾದರೆ ಸರಕಾರವೇ ಲೈಸೆನ್ಸ್ ಕೊಡುತ್ತದೆ, 'ವಿಯು'ದಿಂದ ಶುರುವಾಗುವ ಸ್ವಂತದ ಕರೆಸಂಕೇತವೂ ಸಿಗುತ್ತದೆ. ಕೆಳಗಿನ ದರ್ಜೆಗೆ ಮೋರ್ಸ್ ಕಲಿಯಬೇಕೆಂದಿಲ್ಲ. ಅವಳಿಗೆ ಮೋರ್ಸೇ ಬೇಕಂತೆ. ಊಟದ ಹೊತ್ತಿಗೆ ತಾಟಿನ ಅಂಚಿಗೆ ಚಮಚದಿಂದ ಕಟಕಟ ಬಡಿಯುತ್ತಾಳೆ. ಸಾರು ಬೇಕೋ ಮಜ್ಜಿಗೆ ಬೇಕೋ, ನಾವೇ ಬಿಡಿಸಿಕೊಳ್ಳಬೇಕು.